ಇಸಿಜಿ ನಾರ್ಮಲ್, ಆದರೂ ಎದೆ ಡವಡವ

ಪ್ರಶ್ನೆ: ವಯಸ್ಸು 29. ಎರಡು ತಿಂಗಳಿಂದ ಆಗಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ, ಥೈರಾಯ್ಡ್ ಪರೀಕ್ಷೆ ನಾರ್ಮಲ್. ಹೆದರಿ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಮನೋವೈದ್ಯರನ್ನು ಕಾಣಬೇಕೆ?

ಉತ್ತರ: ಖಂಡಿತ ಕಾಣಿ, ತಡಮಾಡಬೇಡಿ. ಇವು ಪ್ಯಾನಿಕ್ ಅಟ್ಯಾಕ್‌ನ (ದಿಢೀರನೆ ಎರಗುವ ತೀವ್ರ ಭಯದ) ಲಕ್ಷಣಗಳು. ಸಾಮಾನ್ಯವಾಗಿ 10 ನಿಮಿಷದೊಳಗೆ ತಾರಕಕ್ಕೇರಿ, ತಾನಾಗಿಯೇ ಇಳಿಯುತ್ತದೆ. ಒಮ್ಮೆ ಬಂದುಹೋದರೆ ಅದು ಕಾಯಿಲೆಯಲ್ಲ. ಪದೇಪದೇ ಬಂದು, ‘ಮತ್ತೆ ಬಂದರೆ?’ ಎಂಬ ಭಯವೋ ಅದಕ್ಕಾಗಿ ದಿನಚರಿ ಬದಲಿಸುವುದೋ ಒಂದು ತಿಂಗಳು ಮುಂದುವರಿದರೆ ಪ್ಯಾನಿಕ್ ಡಿಸಾರ್ಡರ್ ಇರಬಹುದು.

ನಮಗೆ ಹೆಚ್ಚು ಕಳವಳ ತಂದದ್ದು ಬಸ್ಸಿನ ವಿಷಯ. ಬಸ್ ತಪ್ಪಿಸಿದಾಗ ಸಿಗುವ ನೆಮ್ಮದಿಯೇ ‘ಬಸ್ ಅಪಾಯ’ ಎಂದು ಮೆದುಳಿಗೆ ಕಲಿಸುತ್ತದೆ. ಇಂದು ಬಸ್, ನಾಳೆ ಅಂಗಡಿ, ಆಮೇಲೆ ಮನೆಯ ಹೊಸ್ತಿಲು. ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆಯಲ್ಲಿ ಇದನ್ನು ಹಿಮ್ಮುಖವಾಗಿ ಬಿಡಿಸುತ್ತಾರೆ: ಮೊದಲು ನಿಲ್ದಾಣದಲ್ಲಿ ನಿಲ್ಲುವುದು, ನಂತರ ಜೊತೆಗೊಬ್ಬರನ್ನು ಕರೆದುಕೊಂಡು ಒಂದು ಸ್ಟಾಪ್, ಆಮೇಲೆ ಒಬ್ಬರೇ. ಭಯ ಏರಿದಾಗಲೇ ಇಳಿದುಬಿಟ್ಟರೆ ಅಭ್ಯಾಸ ಕೆಡುತ್ತದೆ, ತಗ್ಗುವವರೆಗೂ ಕೂರಬೇಕು.

ವೈದ್ಯರು ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ, ಆತಂಕ ತಗ್ಗಿಸುವ ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಮೊದಲು ತಳಮಳ ಹೆಚ್ಚಬಹುದು. ಕೆಲವರು ಇಲ್ಲೇ ಮಾತ್ರೆ ಬಿಡುತ್ತಾರೆ. ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಕಾಫಿ ಕಡಿಮೆ ಮಾಡಿ.

ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಪ್ರಜ್ಞೆ ತಪ್ಪಿದರೆ, ‘ಪ್ಯಾನಿಕ್ ಇರಬೇಕು’ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಆತ್ಮಹತ್ಯೆಯ ಯೋಚನೆ ಬಂದರೂ ಅಷ್ಟೇ, ಅಂದೇ ಯಾರಿಗಾದರೂ ಹೇಳಿ ಆಸ್ಪತ್ರೆಗೆ ಹೊರಡಿ.