ದೂಳುನುಸಿಗೆ ಹೊಟ್ಟೆ ಇದೆಯೇ?

ಪ್ರಶ್ನೆ: ನನ್ನ ಮಗಳಿಗೆ ಬೆಳಿಗ್ಗೆ ಎದ್ದೊಡನೆ ಸೀನು ಶುರುವಾಗುತ್ತದೆ. ಪರೀಕ್ಷೆ ಮಾಡಿಸಿದಾಗ ಮನೆಯ ದೂಳಿನಲ್ಲಿರುವ ನುಸಿಯ ಅಲರ್ಜಿ ಎಂದು ತಿಳಿಯಿತು. ನುಸಿಯ ಹಿಕ್ಕೆಯೇ ಇದಕ್ಕೆ ಕಾರಣವೆಂದು ಒಂದೆಡೆ, ಆ ಜೀವಿಗೆ ಹೊಟ್ಟೆಯೇ ಇಲ್ಲವೆಂದು ಇನ್ನೊಂದೆಡೆ ಓದಿದೆ. ಯಾವುದು ಸರಿ? ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಲದೇ?
– ಓದುಗರು, ಸಾಗರ

ಉತ್ತರ: ಹಿಕ್ಕೆಯ ಮಾತು ಸರಿ. ನಮ್ಮ ಜಠರದಂಥ ಪ್ರತ್ಯೇಕ ಚೀಲ ನುಸಿಗೆ ಇಲ್ಲದಿರುವುದನ್ನೇ ಯಾರೋ ‘ಹೊಟ್ಟೆಯೇ ಇಲ್ಲ’ ಎಂದು ಬರೆದಿರಬೇಕು. ಮನೆಗಳಲ್ಲಿ ಸಾಮಾನ್ಯವಾಗಿರುವ ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್ ಎಂಬ ನುಸಿ ಸುಮಾರು 0.3 ಮಿಲಿಮೀಟರ್ ಉದ್ದದ, ಎಂಟು ಕಾಲಿನ ಜೀವಿ. ಅಷ್ಟು ಚಿಕ್ಕ ದೇಹದಲ್ಲಿಯೂ ಬಾಯಿಯಿಂದ ಗುದದ್ವಾರದವರೆಗೆ ಪೂರ್ಣ ಜೀರ್ಣನಾಳವಿದೆ.

ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ಅದು ಬಾಯಿಯ ಚಿಮಟಗಳಿಂದ ಚಿವುಟಿ ತಿನ್ನುತ್ತದೆ. ಅನ್ನನಾಳವು ಮಿದುಳಿನ ನಡುವೆಯೇ ತೂರಿಕೊಂಡು ಹೋಗುವುದು ಇದರ ರಚನೆಯ ಸೋಜಿಗ. ಅಲ್ಲಿಂದ ಮುಂದೆ ನಡುಗರುಳು; ಅದರ ಮುಂಭಾಗದಿಂದ ತುದಿ ಮುಚ್ಚಿದ ಎರಡು ಕುರುಡು ಚೀಲಗಳು ಹಿಂದಕ್ಕೆ ಚಾಚಿಕೊಂಡಿರುತ್ತವೆ. ಜೀರ್ಣಕ್ರಿಯೆಯ ಮುಖ್ಯ ಕೆಲಸ ನಡೆಯುವುದು ಈ ನಡುಗರುಳಿನಲ್ಲಿ. ಅದರ ಒಳಗೋಡೆಯ ಕೆಲವು ಜೀವಕೋಶಗಳು ಗೋಡೆಯಿಂದ ಕಳಚಿಕೊಂಡು ಆಹಾರದ ನಡುವೆ ತೇಲುತ್ತಾ ಅದರ ಕಣಗಳನ್ನು ನುಂಗಿ ಅರಗಿಸುತ್ತವೆ, ಕೊನೆಗೆ ತಾವೂ ಮಲದೊಂದಿಗೆ ಸೇರಿಹೋಗುತ್ತವೆ. ಹೀಗೆ ಉಳಿದ ಆಹಾರ, ಸತ್ತ ಜೀವಕೋಶ ಮತ್ತು ಇನ್ನೂ ಚುರುಕಾಗಿರುವ ಕಿಣ್ವಗಳೆಲ್ಲ ಒಂದು ತೆಳುಪೊರೆಯೊಳಗೆ ಉಂಡೆಕಟ್ಟುತ್ತವೆ. ಹಿಂಗರುಳು ನೀರಿನಂಶವನ್ನು ಹೀರಿಕೊಂಡ ಮೇಲೆ ಹೊರಬೀಳುವ ಒಣ ಹಿಕ್ಕೆಯ ಗಾತ್ರ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಒಂದು ನುಸಿ ದಿನಕ್ಕೆ ಇಂಥ ಸುಮಾರು 20 ಹಿಕ್ಕೆ ಹಾಕುತ್ತದೆ.

ಅಲರ್ಜಿಗೆ ಪ್ರಮುಖ ಕಾರಣವಾದ ‘ಡರ್ ಪಿ 1’ ಎಂಬುದು ಪ್ರೋಟೀನನ್ನು ಒಡೆಯುವ ಇಂಥದೊಂದು ಕಿಣ್ವ. ಮನೆದೂಳಿನಲ್ಲಿ ಅದರ ಬಹುಪಾಲು ಇರುವುದು ಹಿಕ್ಕೆಯಲ್ಲೇ ಎಂಬುದನ್ನು ಟೋವಿ, ಚಾಪ್‌ಮನ್ ಮತ್ತು ಪ್ಲಾಟ್ಸ್-ಮಿಲ್ಸ್ 1981ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಮೂಗು ಅಥವಾ ಶ್ವಾಸನಾಳದ ತೇವ ತಾಗಿದೊಡನೆ ಹಿಕ್ಕೆಯಿಂದ ಕಿಣ್ವ ಕರಗಿ ಹೊರಬರುತ್ತದೆ. ನುಸಿಯ ಆಹಾರವನ್ನು ಒಡೆಯಬೇಕಾದ ಅದೇ ಕಿಣ್ವ ನಮ್ಮ ಶ್ವಾಸನಾಳದ ಒಳಪದರದ ಜೀವಕೋಶಗಳನ್ನು ಬೆಸೆದಿರುವ ಪ್ರೋಟೀನುಗಳನ್ನೂ ಕತ್ತರಿಸಬಲ್ಲದು.

ಬಿಸಿಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಆದ್ದರಿಂದ ಕಡುಬಿಸಿಲಿನ ಶಾಖ ಮತ್ತು ಒಣಹವೆ ಅದನ್ನು ಕೊಲ್ಲಬಲ್ಲವು. ಮಲೆನಾಡಿನ ಮಳೆಗಾಲದಲ್ಲಿ ಅಂಥ ಬಿಸಿಲು ಸಿಗುವುದು ಕಷ್ಟ, ಆ ಮಾತು ಬೇರೆ. ಆದರೆ ನುಸಿ ಸತ್ತರೂ ಹಿಕ್ಕೆ ಹಾಸಿಗೆಯಲ್ಲೇ ಉಳಿಯುತ್ತದೆ. ಕಿಣ್ವ ನೀರಿನಲ್ಲಿ ಕರಗುವುದರಿಂದ ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆಯುವುದು ಹೆಚ್ಚು ಉಪಯುಕ್ತ. ನೀರು 60 ಡಿಗ್ರಿ ಬಿಸಿಯಿದ್ದರೆ ನುಸಿಯೂ ಸಾಯುತ್ತದೆ. ಒಗೆಯಲಾಗದ ಹಾಸಿಗೆಗೆ ನುಸಿ ದಾಟಲಾರದ ಒತ್ತು ನೇಯ್ಗೆಯ ಕವರ್ ಹಾಕಿಸಿ. ಹಾಸಿಗೆ ಕೊಡವಿದಾಗ ಮೇಲೆದ್ದ ಹಿಕ್ಕೆಗಳು ಭಾರವಿರುವುದರಿಂದ ಸುಮಾರು ಅರ್ಧ ಗಂಟೆಯಲ್ಲಿ ಕೆಳಗಿಳಿಯುತ್ತವೆ. ಆ ಕೆಲಸವನ್ನು ಮಗಳು ಶಾಲೆಗೆ ಹೋದ ಮೇಲೆ ಮಾಡಿ.