ಇನ್‌ಕ್ಯುಬೇಟರ್ ನೋಡಲು ಶ್ರೀರಂಗಪಟ್ಟಣದಿಂದ ವಾಪಸ್

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರನ್ನು ಸುಮಾ ಅಂತ ಕರೆಯೋಣ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಓದಿದ್ದು ಎಂಎಸ್ಸಿ ಮೈಕ್ರೋಬಯಾಲಜಿ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಒಂದು ಲ್ಯಾಬ್‌ನಲ್ಲಿ. ದಿನಾ ರೈಲಿನಲ್ಲಿ ಓಡಾಟ.

ಜೊತೆಗೆ ಗಂಡನೂ ಬಂದಿದ್ದರು. ಮಾತು ಶುರು ಮಾಡಿದ್ದೂ ಅವರೇ. "ಮೇಡಂ, ಇವಳಿಗೆ ನಿದ್ದೇನೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಫೋನ್‌ನಲ್ಲಿ ಫೋಟೋ ನೋಡ್ತಾ ಕೂತಿರ್ತಾಳೆ." ಯಾರ ಫೋಟೋ ಅಂತ ಕೇಳಿದೆ. "ಯಾರದ್ದೂ ಅಲ್ಲ. ಫ್ರಿಜ್ ಥರದ ಒಂದು ಡಬ್ಬ."

ಅದು ಫ್ರಿಜ್ ಅಲ್ಲ, ಲ್ಯಾಬ್‌ನಲ್ಲಿ ಜೀವಕೋಶಗಳನ್ನು ಬೆಳೆಸುವ ಇನ್‌ಕ್ಯುಬೇಟರ್. ಒಳಗೆ 37 ಡಿಗ್ರಿ ಶಾಖ, ಶೇ. 5 ಕಾರ್ಬನ್ ಡೈಆಕ್ಸೈಡ್. ಸುಮಾ ಅವರು ಸಂಜೆ ಹೊರಡುವ ಮೊದಲು ಅದರ ಡಿಸ್‌ಪ್ಲೇ ಫೋಟೋ ತೆಗೆಯುತ್ತಿದ್ದರು. ಬಾಗಿಲು ಎಳೆದು ನೋಡಿ ಇನ್ನೊಂದು, ಕೋಟು ಬಿಚ್ಚಿ ಬಂದು ಮತ್ತೊಂದು. ಒಂದು ಸಂಜೆ ರೈಲು ಶ್ರೀರಂಗಪಟ್ಟಣ ತಲುಪಿದಾಗ ಇಳಿದುಬಿಟ್ಟಿದ್ದಾರೆ. ಬಸ್ ಹಿಡಿದು ವಾಪಸ್ ಲ್ಯಾಬ್‌ಗೆ. ಗೇಟಿನ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು "ಮೇಡಂ, ಇವತ್ತೇನ್ ಮರೆತ್ರಿ?" ಅಂದರಂತೆ. ಆ "ಇವತ್ತು" ಅನ್ನುವ ಮಾತು ಚುಚ್ಚಿತು. ಹೀಗೆ ವಾಪಸ್ ಹೋಗಿದ್ದು ಅದೇ ಮೊದಲಲ್ಲ.

ಅವರ ಕೆಲಸ ಏನು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ವಿವರವಾಗಿ ಹೇಳಿಸಿಕೊಂಡೆ. ಕೆಲಸದ ಚಿಂತೆ ತಂದವರ ಜೊತೆ ಮೊದಲು ಕೆಲಸವನ್ನೇ ಅರ್ಥ ಮಾಡಿಕೊಳ್ಳಬೇಕು ಅನ್ನೋದು ನನ್ನ ಪದ್ಧತಿ. ಕ್ಯಾತಿಟರ್, ಡ್ರಿಪ್ ಸೆಟ್‌ನಂಥ ವಸ್ತುಗಳಿಂದ ಜೀವಕೋಶಕ್ಕೆ ಹಾನಿ ಆಗುತ್ತದೆಯೇ ಅಂತ ನೋಡುವುದು ಅವರ ಕೆಲಸ. ತುಂಡು ಮಾಡಿದ ಸ್ಯಾಂಪಲ್ಲನ್ನು ಪೋಷಕ ದ್ರವದಲ್ಲಿ ಒಂದು ದಿನ ನೆನೆಹಾಕುತ್ತಾರೆ. ಆ ದ್ರವವನ್ನು ಎಲ್929 ಅನ್ನುವ ಜೀವಕೋಶಗಳ ಮೇಲೆ ಹಾಕುತ್ತಾರೆ. ಇವು ದಶಕಗಳ ಹಿಂದೆ ಇಲಿಯಿಂದ ತೆಗೆದು, ಆಮೇಲೆ ಲ್ಯಾಬ್‌ಗಳಲ್ಲೇ ಬೆಳೆಸಿಕೊಂಡು ಬಂದ ಕೋಶಗಳು. ಅತ್ತೆಯವರು ಇದನ್ನು ಕೇಳಿಸಿಕೊಂಡು ನೆಂಟರಿಗೆಲ್ಲ "ನಮ್ಮ ಸೊಸೆ ಇಲಿ ಸಾಯಿಸೋ ಕೆಲಸಕ್ಕೆ ಹೋಗ್ತಾಳೆ" ಅಂತ ಹೇಳಿಬಿಟ್ಟಿದ್ದಾರೆ! ಇದನ್ನು ಹೇಳುವಾಗ ಮಾತ್ರ ಸುಮಾ ನಕ್ಕರು.

ಕೋಶಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ 0ಯಿಂದ 4ರವರೆಗೆ ಗ್ರೇಡ್ ಕೊಡಬೇಕು. 2 ದಾಟಿದರೆ ಕೋಶಕ್ಕೆ ವಿಷಕಾರಿ ಅಂತ ಲೆಕ್ಕ. ಪಕ್ಕದಲ್ಲೇ ಹೋಲಿಸಿ ನೋಡಲು ಎರಡು ಸ್ಯಾಂಪಲ್, ಅಂದರೆ ಕಂಟ್ರೋಲ್, ಇರುತ್ತವೆ. ಒಂದು, ಏನೂ ಹಾನಿ ಮಾಡದ ಪಾಲಿಎಥಿಲೀನ್. ಇನ್ನೊಂದು, ಹಾನಿ ಮಾಡಿಯೇ ತೀರುವ ವಸ್ತು. ಎರಡೂ ನಿರೀಕ್ಷೆಯಂತೆ ನಡೆದರೆ ಮಾತ್ರ ಆ ಪರೀಕ್ಷೆ ಸಿಂಧು.

ಮೂರನೇ ಭೇಟಿಯಲ್ಲಿ ಗಂಡನನ್ನು ಹೊರಗೆ ಕೂರಿಸಿದ್ದೆ. ಆಗ ನಿಜವಾದ ವಿಷಯ ಬಂತು. ಕೆಲವು ತಿಂಗಳ ಹಿಂದೆ ಒಂದು ಟ್ಯೂಬಿನ ಸ್ಯಾಂಪಲ್‌ಗೆ ಗ್ರೇಡ್ 3 ಬಂದಿತ್ತು. ಕಂಟ್ರೋಲ್ ಎರಡೂ ಸರಿಯಾಗಿದ್ದವು. ಮ್ಯಾನೇಜರ್ ಬಂದು ನೋಡಿ, "ಇನ್ನೊಂದ್ಸಲ ಹಾಕು ಸುಮಾ, ಇದನ್ನ ಈಗ್ಲೇ ಬರೀಬೇಡ" ಅಂದರು. ದೊಡ್ಡ ಗಿರಾಕಿ, ವರದಿ ಅರ್ಜೆಂಟ್. ಸುಮಾ ಬರೆದರು. ಮೊದಲ ಫಲಿತಾಂಶ ರಿಜಿಸ್ಟರ್‌ನಲ್ಲಿ ಉಳಿಯಿತು. ಮ್ಯಾನೇಜರ್ ಬೈಯಲಿಲ್ಲ. ಆದರೆ ಎಲ್ಲರ ಮುಂದೆ, "ನಿಮ್ಮ ಇನ್‌ಕ್ಯುಬೇಟರ್ ಸರಿ ಇತ್ತಾ ಅವತ್ತು?" ಅಂತ ಕೇಳಿದರು.

ಫೋಟೋ ತೆಗೆಯೋದು ಶುರುವಾಗಿದ್ದು ಅಲ್ಲಿಂದ.

ಇಲ್ಲಿ ಸಲಹೆ ಕೊಡುವವರು ಸುಲಭವಾಗಿ ಎಡವುತ್ತಾರೆ. ಒಂದೇ ಎಳೆಯಂತೆ ಕಂಡರೂ ಇಲ್ಲಿರುವುದು ಎರಡು. ಒಂದು, ಮತ್ತೆ ಮತ್ತೆ ನೋಡಬೇಕು ಅನ್ನಿಸುವ ಕಾಟ. ಇನ್ನೊಂದು, ಅವರು ಸರಿಯಾಗಿಯೇ ಎತ್ತಿದ ಆಕ್ಷೇಪಣೆ. "ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದರೆ ನ್ಯಾಯವಾದ ಆಕ್ಷೇಪಣೆಯೂ ಬಾಯಿ ಮುಚ್ಚಿಕೊಳ್ಳುತ್ತದೆ. "ಹುಷಾರಾಗಿರಿ" ಅಂದರೆ ಕಾಟ ಇನ್ನೂ ಜಾಸ್ತಿ ಆಗುತ್ತದೆ. ಗಂಡ ಮೊದಲನೆಯದನ್ನು ಹೇಳುತ್ತಿದ್ದರು, ಮ್ಯಾನೇಜರ್ ಎರಡನೆಯದನ್ನು.

ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಇಂಥ ಪರಿಶೀಲನೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಅದು ಗೀಳಿನ ಕಾಯಿಲೆಯೇ ಅಂತ ವೈದ್ಯರು ನೋಡಲೇಬೇಕು. ಅದನ್ನು ನಾನು ತೀರ್ಮಾನ ಮಾಡುವಂತಿಲ್ಲ. ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ, ಮತ್ತೆ ಬಂದು ತೋರಿಸಿ ಅಂತ ವೈದ್ಯರು ಹೇಳಿ ಕಳಿಸಿದರು.

ಕಾಟಕ್ಕೆ ಹೀಗೆ ಮಾಡಿದೆವು. ಸಂಜೆ ಒಂದೇ ಸಲ ಇನ್‌ಕ್ಯುಬೇಟರ್ ಮುಂದೆ ನಿಂತು, ಅಂಕಿಯನ್ನು ಬಾಯಿಬಿಟ್ಟು ಹೇಳಿ, ಲಾಗ್‌ಬುಕ್‌ನಲ್ಲಿ ಸಮಯ ಹಾಕಿ ಸಹಿ ಮಾಡಬೇಕು. ಆಮೇಲೆ ಫೋಟೋ ಇಲ್ಲ, ತಿರುಗಿ ನೋಡುವುದೂ ಇಲ್ಲ. ಶಾಖ ಏರುಪೇರಾದರೆ ಕೂಗಿಕೊಳ್ಳಲು ಅಲಾರಂ ಇದೆ, ರಾತ್ರಿಯಿಡೀ ಬರೆದಿಡಲು ಡೇಟಾ ಲಾಗರ್ ಇದೆ. ರೈಲಿನಲ್ಲಿ ಕೂತಾಗ ಚಡಪಡಿಕೆ ಬಂದೇ ಬರುತ್ತದೆ. ಅದನ್ನು ಓಡಿಸಲು ಹೋಗಬೇಡಿ, ಅದರ ಪಾಡಿಗೆ ಇರಲಿ ಬಿಡಿ, ಎಲ್ಲಿ ಇಳಿಯುತ್ತದೆ ಅಂತ ಮಾತ್ರ ಗಮನಿಸಿ ಅಂದೆ. ಮೊದಮೊದಲು ಮಂಡ್ಯ ಸ್ಟೇಷನ್ ಬಂದರೂ ಚಡಪಡಿಕೆ ಇಳಿಯುತ್ತಿರಲಿಲ್ಲವಂತೆ. ಕೆಲವು ವಾರ ಕಳೆದ ಮೇಲೆ ಪಾಂಡವಪುರ ದಾಟುವಷ್ಟರಲ್ಲಿ ತಣ್ಣಗಾಗುತ್ತಿತ್ತು.

ಗಂಡನಿಗೂ ಒಂದು ಕೆಲಸ ಕೊಟ್ಟೆ. "ಸರಿ ಇರುತ್ತೆ ಬಿಡು" ಅಂತ ರಾತ್ರಿ ಹತ್ತು ಸಲ ಹೇಳೋದು ನಿಲ್ಲಿಸಿ. ಆ ಸಮಾಧಾನ ಐದು ನಿಮಿಷ ಇರುತ್ತದೆ, ಆಮೇಲೆ ಮತ್ತೆ ಬೇಕಾಗುತ್ತದೆ. ಬದಲಿಗೆ "ಇದಕ್ಕೆ ನಾನು ಉತ್ತರ ಕೊಡಬಾರದು ಅಂತ ಮೇಡಂ ಹೇಳಿದ್ದಾರೆ" ಅನ್ನಿ. ಮೊದಲ ವಾರ ಇಬ್ಬರಿಗೂ ಜಗಳ ಆಯಿತು. ಆಗಲಿ ಅಂದೆ.

ಲ್ಯಾಬ್ ವಿಷಯಕ್ಕೆ ಬೇರೆಯೇ ದಾರಿ ಬೇಕಿತ್ತು. ಇಂಥ ಲ್ಯಾಬ್‌ಗಳು ಪಾಲಿಸುವ ಐಎಸ್‌ಒ 17025 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2017ರ ಆವೃತ್ತಿಯಲ್ಲಿ, ವ್ಯಾಪಾರದ ಒತ್ತಡ ಪರೀಕ್ಷೆಯ ನಿಷ್ಪಕ್ಷಪಾತವನ್ನು ಕೆಡಿಸಬಾರದು ಅಂತ ಸ್ಪಷ್ಟವಾಗಿಯೇ ಇದೆ. ಸುಮಾ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ತರಬೇತಿಯಲ್ಲಿ ಬೇರೆಯವರಿಗೆ ಪಾಠ ಮಾಡಿದ್ದಾರೆ. ಮ್ಯಾನೇಜರ್ ಎದುರು ಮಾತ್ರ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಬಾಯಿ ಬೇಡ, ಬರಹ ಸಾಕು ಅಂದೆ. ಯಾರಾದರೂ ಬಾಯಿಮಾತಿನಲ್ಲಿ ಮರುಪರೀಕ್ಷೆ ಹೇಳಿದರೆ ಅದೇ ದಿನ ಮೇಲ್ ಹಾಕಿ, ಗುಣಮಟ್ಟ ನೋಡಿಕೊಳ್ಳುವ ಕ್ಯೂಎ ವಿಭಾಗಕ್ಕೂ ಪ್ರತಿ ಕಳಿಸಿ. ಒಕ್ಕಣೆಯನ್ನು ಜೊತೆಗೆ ಕೂತು ಬರೆದೆವು: "ಸರ್, ಇವತ್ತು ನೀವು ಹೇಳಿದ ಮರುಪರೀಕ್ಷೆ ಕುರಿತು. ಮೊದಲ ಫಲಿತಾಂಶ ದಾಖಲಾಗಿದೆ, ಕಂಟ್ರೋಲ್‌ಗಳು ಸರಿಯಾಗಿವೆ. ಮರುಪರೀಕ್ಷೆಗೆ ಕಾರಣ ಮತ್ತು ಕ್ಯೂಎ ಅನುಮತಿ ಸಿಕ್ಕರೆ ಮುಂದುವರಿಸುತ್ತೇನೆ." ಸಿಟ್ಟಿಲ್ಲ, ಆರೋಪವಿಲ್ಲ.

ಇನ್ನೊಂದು ಭಾರವಿತ್ತು. ಈಚೆಗೆ ಅತ್ತೆಯವರು ಆಸ್ಪತ್ರೆಯಲ್ಲಿದ್ದಾಗ, "ಅವರ ಕೈ ಹಿಡ್ಕೊಳ್ಳೋ ಬದಲು ಡ್ರಿಪ್ ಸೆಟ್ ಕವರ್ ಮೇಲಿನ ಲಾಟ್ ನಂಬರ್ ಓದ್ತಾ ಇದ್ದೆ ಮೇಡಂ" ಅಂದರು. ತಾನು ತಪ್ಪಿದರೆ ಯಾರೋ ಸಾಯುತ್ತಾರೆ ಅನ್ನುವ ಭಯ. ಒಂದು ಸಾಧನ ಮಾರುಕಟ್ಟೆಗೆ ಹೋಗುವ ಮೊದಲು ಎಷ್ಟು ಪರೀಕ್ಷೆ, ಎಷ್ಟು ಸಹಿ ಅಂತ ಅವರಿಂದಲೇ ಹಾಳೆಯ ಮೇಲೆ ಬರೆಸಿದೆ. ಮಾಡುವವರು ಇವರು, ಪರಿಶೀಲಿಸುವವರು ಇನ್ನೊಬ್ಬರು, ವರದಿಗೆ ಸಹಿ ಮತ್ತೊಬ್ಬರದು. ಕೋಶದ ಪರೀಕ್ಷೆ ಫೇಲಾದರೂ ಅದೊಂದರಿಂದಲೇ ಸಾಧನ ಕೆಟ್ಟದ್ದು ಅಂತ ತೀರ್ಮಾನವಾಗುವುದಿಲ್ಲ, ಅಪಾಯದ ಮೌಲ್ಯಮಾಪನ ಆಮೇಲೆ ನಡೆಯುತ್ತದೆ. ಅಷ್ಟು ಜನರ ಪಾಲನ್ನೂ ಇವರೊಬ್ಬರೇ ಹೊತ್ತುಕೊಂಡು ರೈಲು ಹತ್ತುತ್ತಿದ್ದರು.

ಮೇಲ್ ಹಾಕುವ ಸಂದರ್ಭ ಬಂತು, ಹಾಕಿದರು. ಮ್ಯಾನೇಜರ್ ಎರಡು ದಿನ ಮಾತು ಬಿಟ್ಟರಂತೆ. ಕ್ಯೂಎಯವರು ತನಿಖೆ ತೆರೆದರು. ಆ ಸ್ಯಾಂಪಲ್ ಕೊನೆಗೆ ಏನಾಯಿತು ಅಂತ ನಾನು ಕೇಳಲಿಲ್ಲ. ನನ್ನ ಹಾಗೇ ಅವರಿಗೂ ಗಿರಾಕಿಯ ಗುಟ್ಟು ಇರುತ್ತದಲ್ವಾ. ಕೆಲಸ ಬಿಡಬೇಕೇ ಅನ್ನುವ ಪ್ರಶ್ನೆ ಇನ್ನೂ ಇದೆ. ನಿದ್ದೆ ಪೂರ್ತಿ ಸರಿಹೋಗುವವರೆಗೆ ಆ ತೀರ್ಮಾನ ಬೇಡ ಅಂದಿದ್ದೇನೆ. ಈಗ ತಿಂಗಳಿಗೊಮ್ಮೆ ಒಬ್ಬರೇ ಬರುತ್ತಾರೆ.

ಇಂಥದೇ ಕಾಟ ಇರುವವರು, ಹತ್ತಿರದಲ್ಲಿ ಯಾರೂ ಸಿಗದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.