ಹಾಲಿನಲ್ಲಿ ನೆನೆದ ಬ್ರೆಡ್ಡು

ಪ್ರಶ್ನೆ: ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು, ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ತಲೆ ತಗ್ಗಿಸಿ ನಿಂತವರನ್ನು ‘ಮಿಲ್ಕ್‌ಸಾಪ್ಸ್!’ ಎಂದು ಬೈಯುತ್ತಿದ್ದರು. ಹಾಲಿಗೂ ಸೋಪಿಗೂ ಏನು ಸಂಬಂಧ?
– ಓದುಗರೊಬ್ಬರು, ತಿಪಟೂರು

ಉತ್ತರ: ಸೋಪಲ್ಲ ಸ್ವಾಮಿ, ಸಾಪ್. ಹಾಲಿಗೋ ಸಾರಿಗೋ ಅದ್ದಿ ನೆನೆಸಿದ ಬ್ರೆಡ್ಡಿನ ತುಂಡು. ಸೂಪ್, ಸಪ್ಪರ್ ಎಲ್ಲ ಅದರ ನೆಂಟರೇ. ನಮ್ಮ ‘ಸಪ್ಪೆ’ಗೂ ಅದಕ್ಕೂ ನಂಟಿಲ್ಲ, ಆದರೂ ಅರ್ಥ ಹೇಳು ಅಂದರೆ ನನ್ನ ಬಾಯಿಗೆ ಮೊದಲು ಬರುವುದು ಅದೇ.

ನಾನು ಹುಡುಗನಾಗಿದ್ದಾಗ ಮನೆಗೆ ಬ್ರೆಡ್ಡು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಅಮ್ಮ ಬಿಸಿ ಹಾಲಿಗೆ ಅದ್ದಿ ಕೊಟ್ಟ ಚೂರು ಬಾಯಿಗೆ ತಲುಪುವ ಮೊದಲೇ ಅರ್ಧ ಕಳಚಿ ಲೋಟದ ತಳ ಸೇರುತ್ತಿತ್ತು. ತಳ ಸೇರಿದ ಆ ಅರ್ಧದಂಥ ಗಂಡಸೇ ಮಿಲ್ಕ್‌ಸಾಪ್. ‘ಹೇಡಿ’ ಅಂದರೆ ಖಾರ ಜಾಸ್ತಿಯಾಯಿತು. ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದವನು ಅನ್ನಿ.

ಬೈಗುಳ ತುಂಬ ಹಳೆಯದು. 14ನೇ ಶತಮಾನದ ಕೊನೆಗೆ ಇಂಗ್ಲಿಷ್ ಕವಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಕಥೆಗಳು’ ಕೃತಿಯಲ್ಲಿ ಹ್ಯಾರಿ ಬೇಲಿ ಎಂಬ ಛತ್ರದ ಯಜಮಾನನಿದ್ದಾನೆ. ಊರಿಗೆಲ್ಲ ದೊಡ್ಡ ಗಂಟಲು, ಹೆಂಡತಿ ಎದುರು ಬೆಕ್ಕಿನ ಮರಿ. ಚರ್ಚಿನಲ್ಲಿ ಯಾರೋ ತನಗೆ ತಲೆಬಾಗಲಿಲ್ಲವೆಂದು ಆಕೆ ಮನೆಗೆ ಬಂದು ಕೂಗಾಡುತ್ತಾಳೆ: ಚಾಕು ಇತ್ತ ಕೊಡು, ನೂಲುವ ಕೋಲು ನೀನು ಹಿಡಿ, ಇಂಥ ಮಿಲ್ಕ್‌ಸಾಪನ್ನು ಕಟ್ಟಿಕೊಂಡೆನಲ್ಲ!

ಅಮೆರಿಕದವರು ಇದೇ ತಿಂಡಿಯಿಂದ ಇನ್ನೊಂದು ಪದ ಮಾಡಿಕೊಂಡರು. ಎಚ್.ಟಿ. ವೆಬ್‌ಸ್ಟರ್ ಎಂಬ ವ್ಯಂಗ್ಯಚಿತ್ರಕಾರ 1924ರಲ್ಲಿ ಕ್ಯಾಸ್ಪರ್ ಮಿಲ್ಕ್‌ಟೋಸ್ಟ್ ಎಂಬ ಪುಕ್ಕಲನನ್ನು ಸೃಷ್ಟಿಸಿದ. ಒಂದು ಚಿತ್ರದಲ್ಲಿ ಈ ಮಹಾಶಯ ಸುರಿಯುವ ಮಳೆಯಲ್ಲಿ ಯಾರಿಗೋ ಕಾಯುತ್ತಿದ್ದಾನೆ. ‘ಇನ್ನೊಂದು ಗಂಟೆ ನೋಡ್ತೀನಿ, ಬರಲಿಲ್ಲ ಅಂದರೆ ಆ ಸಾಲ ಬೇರೆ ಯಾರ ಹತ್ತಿರವಾದರೂ ತಗೊಳ್ಳಲಿ’ ಎಂಬುದು ಅವನ ಸಿಟ್ಟು. ಸಾಲ ಕೊಡುವವನು ಇವನೇ!

ನಗಬೇಡಿ. ಮೊನ್ನೆ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟಿನ ಹಿಂದೆ 38 ಎಂದು ಗೀಚಿ, ಚಿಲ್ಲರೆ ಆಮೇಲೆ ಎಂದರು. ಇಳಿಯುವಾಗ ಅವರು ಫೋನಿನಲ್ಲಿದ್ದರು. ಮಾತಿನ ನಡುವೆ ಹೇಗೆ ಕೇಳುವುದು? ಟಿಕೆಟ್ಟು ಇನ್ನೂ ನನ್ನ ಷರ್ಟಿನ ಜೇಬಿನಲ್ಲಿದೆ. ಮನೆಯಾಕೆ ಚಾಸರ್ ಓದಿಲ್ಲ, ಸದ್ಯ.